ರಿಪೋರ್ಟೆಲ್ಲ ನಾರ್ಮಲ್, ಆದರೂ ರಾತ್ರಿ ಮೂರಕ್ಕೆ ಎಚ್ಚರ: ಮನಸ್ಸು ನೆಟ್ಟಗಿಟ್ಟುಕೊಳ್ಳೋಕೆ ನೀವು ದಿನಾ ಏನು ಮಾಡ್ತೀರಿ?

ಯಾರ್ಡ್ ಗುಮಾಸ್ತ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ಹದಿನೇಳು ವರ್ಷದಿಂದ ಲೆಕ್ಕ ಬರೀತಿದೀನಿ. ವಯಸ್ಸು 43. ಮನೆ ನಿಟುವಳ್ಳಿ ಕಡೆ. ಹೆಂಡತಿ, ಪಿಯುಸಿ ಓದೋ ಮಗ, ಅಮ್ಮ ಇದಾರೆ. ಕುಡಿತ ಇಲ್ಲ, ಬೀಡಿ ಸಿಗರೇಟಿಲ್ಲ.

ಶುರುವಾಗಿದ್ದು ದೀಪಾವಳಿ ಆದಮೇಲೆ. ಹತ್ತೂವರೆಗೆ ಮಲಗಿದ ಕೂಡಲೇ ನಿದ್ದೆ ಬರುತ್ತೆ. ಮೂರು ಗಂಟೆಗೆ ಯಾರೋ ಭುಜ ತಟ್ಟಿ ಎಬ್ಬಿಸಿದ ಹಾಗೆ ಎಚ್ಚರ ಆಗುತ್ತೆ. ಆಮೇಲೆ ಬೆಳಗಿನವರೆಗೂ ಕಣ್ಣಿಗೆ ನಿದ್ದೆ ಹತ್ತಲ್ಲ. ಮನೆ ಸಾಲದ ಕಂತು, ಮಗನ ಫೀಸು, ಮೆಕ್ಕೆಜೋಳದ ಲೋಡಿನಲ್ಲಿ ತೂಕ ತಪ್ಪಿ ಬರೆದೆನಾ ಅನ್ನೋ ಅನುಮಾನ, ಒಂದರ ಹಿಂದೆ ಒಂದು. ಹೆಂಡತಿ ಎದ್ದಾಳು ಅಂತ ಅಡುಗೆಮನೆಗೆ ಹೋಗಿ ಕತ್ತಲಲ್ಲೇ ನೆಲದ ಮೇಲೆ ಕೂರ್ತೀನಿ. ಫ್ರಿಜ್ಜಿನ ಸದ್ದು ಕೇಳ್ತಾ ಕೂತು ಕೂತು, ಅದು ಯಾವಾಗ ನಿಲ್ಲುತ್ತೆ, ಯಾವಾಗ ಮತ್ತೆ ಶುರುವಾಗುತ್ತೆ ಅನ್ನೋದೂ ನನಗೀಗ ಗೊತ್ತು.

ಜನವರಿಯಲ್ಲಿ ಒಂದು ದಿನ ಅಶೋಕ ರಸ್ತೆಯ ರೈಲ್ವೆ ಗೇಟ್ ಹಾಕಿತ್ತು. ಹಿಂದೆ ಮುಂದೆ ಬೈಕು, ಆಟೋ. ಹೆಲ್ಮೆಟ್ ಒಳಗೇ ಇದ್ದಕ್ಕಿದ್ದಂತೆ ಉಸಿರು ಸಿಗದಂಗಾಯ್ತು. ಎದೆ ಬಿಗಿದು ಹಿಡೀತು, ಕೈಬೆರಳು ಜೋಮು, ಕಿವಿಯಲ್ಲಿ ಗುಂಯ್ ಅನ್ನೋ ಸದ್ದು. ಮುಗೀತು ನನ್ನ ಕಥೆ ಅಂದ್ಕೊಂಡೆ. ಬೈಕ್ ಅಲ್ಲೇ ಬಿಟ್ಟು ಅಂಗಡಿ ಕಟ್ಟೆ ಮೇಲೆ ಕೂತೆ. ಹೂವು ಮಾರೋ ಒಬ್ಬ ತಾಯಿ ತನ್ನ ಬಾಟಲಿ ನೀರು ಕೊಟ್ಟು, ಹೂವಿಗೆ ಚಿಮುಕಿಸೋ ಒದ್ದೆ ಬಟ್ಟೆಯಿಂದ ನನ್ನ ಹಣೆ ಒರೆಸಿದಳು. ಗೇಟ್ ತೆಗೆಯೋ ಹೊತ್ತಿಗೆ ಅರ್ಧ ಸರಿಹೋಗಿತ್ತು.

ಆಮೇಲೆ ಇಸಿಜಿ, ಎಕೋ, ರಕ್ತ, ಹೊಟ್ಟೆಗೆ ಎಂಡೋಸ್ಕೋಪಿ ಎಲ್ಲಾ ಆಯ್ತು. ಹದಿನಾಲ್ಕು ಸಾವಿರ ಖರ್ಚು. ಎಲ್ಲಾ ನಾರ್ಮಲ್. ಡಾಕ್ಟರು ಫೈಲ್ ಮುಚ್ಚಿ, ‘ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ’ ಅಂದ್ರು. ಟೆನ್ಷನ್ ಮಾಡ್ಕೊಳ್ಳದೇ ಇರೋದು ಹೆಂಗೆ ಅಂತ ಕೇಳೋಷ್ಟರಲ್ಲಿ ಮುಂದಿನವರ ಹೆಸರು ಕೂಗಿದ್ರು.

ಈಗ ಮಾರ್ಚ್, ವರ್ಷದ ಲೆಕ್ಕ ಮುಗಿಸೋ ತಿಂಗಳು. ಡಾಕ್ಟರ ಹೆಸರು ಕೇಳ್ತಿಲ್ಲ. ನಿಮಗೂ ಹಿಂಗೆ ಆಗಿದ್ದರೆ ದಿನಾ ಬೆಳಗ್ಗೆಯಿಂದ ರಾತ್ರಿವರೆಗೆ ಏನು ಮಾಡ್ತೀರಿ, ಅದನ್ನ ಹೇಳಿ.

ಹೊಸದುರ್ಗದ ತೆಂಗು

ಅಣ್ಣಾ, ಆ ಅಡುಗೆಮನೆ ನೆಲ ನನಗೂ ಗೊತ್ತು. ಎರಡು ವರ್ಷ ಕೂತಿದೀನಿ. ನೀವೊಬ್ಬರೇ ಅಲ್ಲ. ಇಷ್ಟು ಹೇಳೋಕೆ ಬರೆದೆ.

ನಿವೃತ್ತ ಆರೋಗ್ಯ ಸಹಾಯಕಿ, ಹರಿಹರ

ತಮ್ಮಾ, ನೀನು ಮೊದಲು ಹೃದಯ ತೋರಿಸಿದ್ದು ಸರಿಯಾದ ಕೆಲಸ. ಎದೆನೋವನ್ನ ಯಾರೂ ತಾವೇ ‘ಇದು ಮನಸ್ಸಿಂದು’ ಅಂತ ತೀರ್ಮಾನ ಮಾಡಬಾರದು. ಖರ್ಚಾಯ್ತು ಅಂತ ಬೇಜಾರು ಬೇಡ. ಆದರೆ ರಿಪೋರ್ಟ್ ನಾರ್ಮಲ್ ಬಂತು ಅಂದ್ರೆ ನಿನಗೆ ಏನೂ ಆಗಿಲ್ಲ ಅಂತ ಅರ್ಥ ಅಲ್ಲ. ಹೃದಯದಲ್ಲಿ ತೊಂದರೆ ಕಾಣಲಿಲ್ಲ ಅಂತ ಅರ್ಥ, ಅಷ್ಟೇ.

ಗೇಟ್ ಹತ್ತಿರ ಆದದ್ದು ನೀನು ಹೇಳಿದ ಲಕ್ಷಣ ನೋಡಿದರೆ ಪ್ಯಾನಿಕ್ ಅಟ್ಯಾಕ್ ಇದ್ದಂಗಿದೆ. ಹುಲಿ ಎದುರಾದರೆ ಓಡೋಕೆ ಮೈ ತಯಾರಾಗುತ್ತಲ್ಲ, ಹುಲಿ ಇಲ್ಲದೇ ಹಾಗಾಗೋದು. ಉಸಿರು ಜೋರಾಗಿ ಎಳೀತೀವಿ, ಅದರಿಂದಲೇ ಬೆರಳು ಜೋಮು ಹಿಡಿಯೋದು, ತಲೆ ಹಗುರ ಆಗೋದು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದು ತುದಿಗೇರಿ ಇಳಿಯೋಕೆ ಶುರುವಾಗುತ್ತೆ. ಮತ್ತೆ ಬಂದರೆ ಉಸಿರು ಎಳೆಯೋದಕ್ಕಿಂತ ಬಿಡೋದನ್ನ ಉದ್ದ ಮಾಡು. ನಾಲ್ಕು ಎಣಿಸೋವರೆಗೆ ತಗೋ, ಆರು ಎಣಿಸ್ತಾ ನಿಧಾನಕ್ಕೆ ಬಿಡು. ಪಾದ ನೆಲಕ್ಕೆ ಒತ್ತಿರಲಿ.

ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ನೋಡಿದಾರಾ ಅಂತ ಆ ಫೈಲಿನಲ್ಲಿ ಹುಡುಕು. ಇವು ಏರುಪೇರಾದರೂ ಸುಸ್ತು, ಎದೆಬಡಿತ, ಬೇಸರ ಬರುತ್ತೆ.

1986ರಲ್ಲಿ ನಾನು ಕೆಲಸಕ್ಕೆ ಸೇರಿದ್ದು ಹರಪನಹಳ್ಳಿ ತಾಲ್ಲೂಕಿನಲ್ಲಿ. ಅದು ಆಗ ಬಳ್ಳಾರಿ ಜಿಲ್ಲೆ. ನಿಮ್ಹಾನ್ಸ್‌ನವರು ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಕಾಯಿಲೆಗೂ ಮೂರ್ಛೆ ರೋಗಕ್ಕೂ ಚಿಕಿತ್ಸೆ ಕೊಡೋ ಪ್ರಯೋಗ ಮಾಡಿದ್ದು ಅದೇ ಬಳ್ಳಾರಿಯಲ್ಲಿ, ಅದೇ ಕಾಲದಲ್ಲಿ. ಅದನ್ನೇ ಮಾದರಿ ಇಟ್ಕೊಂಡು 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ನಮ್ಮ ಬಯಲುಸೀಮೆಯಿಂದ ಹೋದ ವಿಷಯ ಅಂತ ನನಗೆ ಇವತ್ತಿಗೂ ಹೆಮ್ಮೆ. ಆಗ ಮನೆಮನೆಗೆ ಹೋದರೆ ‘ನನಗೆ ಖಿನ್ನತೆ’ ಅಂತ ಯಾರು ಹೇಳ್ತಾರೆ? ತಲೆ ಮೇಲೆ ಕಲ್ಲು ಇಟ್ಟಂಗಾಗತ್ತಮ್ಮ, ಎದೆ ಒಳಗೆ ಕುದೀತತಿ, ಮೈಯೆಲ್ಲಾ ಉರಿ, ಕೈಕಾಲು ಸೋತು ಬರ್ತಾವೆ ಅನ್ನೋರು. ಗುಳಿಗೆ ಕೇಳೋರು, ಇಂಜೆಕ್ಷನ್ ಕೇಳೋರು. ಚಾಪೆ ಮೇಲೆ ಹತ್ತು ನಿಮಿಷ ಕೂತು ‘ಊಟ ಸೇರ್ತದಾ? ನಿದ್ದೆ ಬರ್ತದಾ? ಮೊದಲು ಖುಷಿ ಕೊಡ್ತಿದ್ದ ಕೆಲಸ ಈಗಲೂ ಮಾಡಬೇಕು ಅನಿಸ್ತದಾ?’ ಅಂತ ಕೇಳಿದರೆ ಆಗ ಬರೋದು ಅಳು.

ಅದೇ ಮೂರು ಪ್ರಶ್ನೆ ನಿನಗೂ. ಎರಡು ವಾರಕ್ಕಿಂತ ಹೆಚ್ಚು, ಹೆಚ್ಚುಕಮ್ಮಿ ದಿನಾ ಹಿಂಗೇ ಇದ್ದರೆ ದಿನಚರಿ ಒಂದೇ ಸಾಲದು, ಡಾಕ್ಟರನ್ನೂ ನೋಡಬೇಕು. ನಿನಗೆ ಐದು ತಿಂಗಳಾಗಿದೆ, ತಮ್ಮಾ.

ಮೊಳಕಾಲ್ಮುರು ಮಗ್ಗ

ಎಲ್ಲಾ ಟೆಸ್ಟ್ ಆದಮೇಲೂ ಹಿಂಗಿದ್ದರೆ ಒಮ್ಮೆ ಮನೆದೇವರ ಕಡೆ ನೋಡ್ರಿ. ಈ ತಿಂಗಳೇ ನಾಯಕನಹಟ್ಟಿ ಜಾತ್ರೆ. ತಿಪ್ಪಜ್ಜನ ಮುಂದೆ ಕೊಬ್ಬರಿ ಸುಟ್ಟು ಬನ್ನಿ. ನಮ್ಮಪ್ಪನಿಗೆ ಅಲ್ಲಿಗೆ ಹೋಗಿ ಬಂದಮೇಲೇ ನೆಮ್ಮದಿ ಸಿಕ್ಕಿದ್ದು. ಮಾತ್ರೆ ಅಂತ ಹೋದರೆ ಜೀವನಪೂರ್ತಿ ಬಿಡಲ್ಲ ಅವು.

ನಿವೃತ್ತ ಆರೋಗ್ಯ ಸಹಾಯಕಿ, ಹರಿಹರ

ಹೋಗಿ ಬರಲಿ, ತಪ್ಪೇನಿದೆ. ನಾನೂ ಹೋಗ್ತೀನಿ. ಜನರ ಮಧ್ಯೆ ನಡೆದು, ಕೈಮುಗಿದು ಅತ್ತು ಬಂದರೆ ಮನಸ್ಸು ಹಗುರಾಗೋದು ಸುಳ್ಳಲ್ಲ. ಆದರೆ ಜಾತ್ರೆಗೆ ಹೋಗಿದೀನಿ ಅಂತ ಡಾಕ್ಟರ ಹತ್ತಿರ ಹೋಗೋದು ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆಗೆ ಹರಕೆನೂ ಹೊರ್ತೀವಿ, ಮಾತ್ರೆನೂ ನುಂಗ್ತೀವಲ್ಲ. ಇದಕ್ಕೂ ಹಂಗೇ.

ಮೆಡಿಕಲ್ ಶಾಪ್ ಹುಡುಗಿ, ವಿದ್ಯಾನಗರ

ಮಾತ್ರೆ ಬಿಡಲ್ಲ ಅನ್ನೋ ಮಾತು ಕೌಂಟರ್‌ನಲ್ಲಿ ದಿನಾ ಕೇಳ್ತೀನಿ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಸರ್.

ಎರಡು ಬೇರೆ ಬೇರೆ ಜಾತಿಯ ಮಾತ್ರೆಗಳನ್ನ ಜನ ಒಂದೇ ಅಂದ್ಕೊಂಡಿದಾರೆ. ಒಂದು, ನುಂಗಿದ ಅರ್ಧ ಗಂಟೆ, ಒಂದು ಗಂಟೆಯಲ್ಲೇ ಮಂಪರು ತರೋದು. ಆಲ್‌ಪ್ರಜೋಲಂ ಥರದ್ದು. ಡಾಕ್ಟರು ಕೆಲವು ದಿನಕ್ಕೆ ಅಂತ ಬರೆದಿರ್ತಾರೆ. ಜನ ಅದೇ ಹಳೇ ಚೀಟಿ ಮಡಚಿ ಮಡಚಿ ಹರಿದು ಹೋಗೋವರೆಗೆ ತರ್ತಾರೆ. ‘ಆ ಚಿಕ್ಕ ಮಾತ್ರೆ ಕೊಡಮ್ಮ, ಅದಿಲ್ಲದಿದ್ರೆ ನಿದ್ದೆ ಬರಲ್ಲ’ ಅಂತಾರೆ. ಇದು ನಿಜವಾಗಲೂ ಚಟ ಹಿಡಿಸುತ್ತೆ. ಚೀಟಿ ಇಲ್ಲದೆ ಕೊಡಂಗಿಲ್ಲ. ಕೊಡಲ್ಲ ಅಂದಿದ್ದಕ್ಕೆ ನಾನು ಬೈಸಿಕೊಂಡಿದೀನಿ, ಇನ್ನೂ ಬೈಸಿಕೊಳ್ತೀನಿ.

ಇನ್ನೊಂದು, ಖಿನ್ನತೆಗೆ, ಆತಂಕಕ್ಕೆ ದಿನಾ ತಗೊಳ್ಳೋದು. ಎಸಿಟಲೋಪ್ರಾಮ್, ಸೆರ್ಟ್ರಾಲಿನ್ ಥರದ್ದು. ಇದಕ್ಕೆ ಆ ಥರ ಚಟ ಇಲ್ಲ. ಆದರೆ ಇದು ನಿಧಾನ. ಕೆಲಸ ಗೊತ್ತಾಗೋಕೆ ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಮೊದಲ ವಾರ ಹೊಟ್ಟೆ ತೊಳೆಸೋದು, ತಲೆನೋವು, ಕೆಲವರಿಗೆ ಆತಂಕ ಸ್ವಲ್ಪ ಜಾಸ್ತಿ ಆಗೋದೂ ಉಂಟು. ನಮ್ಮ ಜನ ಅಲ್ಲೇ ಬಿಟ್ಟುಬಿಡ್ತಾರೆ. ಕೆಲವರು ಹುಷಾರಾದೆ ಅಂತ ಎರಡನೇ ತಿಂಗಳಿಗೆ ದಿಢೀರ್ ನಿಲ್ಲಿಸ್ತಾರೆ. ತಲೆ ಸುತ್ತು ಬರುತ್ತೆ, ಕಾಯಿಲೆ ತಿರುಗಿ ಬರುತ್ತೆ. ‘ನೋಡು, ಮಾತ್ರೆ ಬಿಡ್ತಾ ಇಲ್ಲ’ ಅಂತಾರೆ. ಶುರುಮಾಡೋದೂ ನಿಲ್ಲಿಸೋದೂ ಡಾಕ್ಟರು ಹೇಳಿದಂಗೇ ಆಗಬೇಕು.

ಸರ್, ಯಾರ್ಡಿನಲ್ಲಿ ದಿನಕ್ಕೆ ಎಷ್ಟು ಚಹಾ ಕುಡೀತೀರಿ? ಸಂಜೆ ಐದಕ್ಕೆ ಕುಡಿದಿದ್ದರ ಅರ್ಧದಷ್ಟು ಕೆಫೀನ್ ರಾತ್ರಿ ಹತ್ತಕ್ಕೂ ಮೈಯಲ್ಲಿ ಇರುತ್ತೆ.

ಯಾರ್ಡ್ ಗುಮಾಸ್ತ, ದಾವಣಗೆರೆ

ಎಣಿಸಿದೆ ತಂಗಿ. ನಿನ್ನೆ ಒಂಬತ್ತು. ಕೊನೇದು ಸಂಜೆ ಏಳೂಕಾಲಿಗೆ, ಮಂಡಕ್ಕಿ ಮೆಣಸಿನಕಾಯಿ ಜೊತೆ. ಯಾರೇ ರೈತರು ಬಂದರೂ ಅವರ ಜೊತೆ ಒಂದು ಆಗುತ್ತೆ.

ಅಮ್ಮಾ, ಫೈಲ್ ನೋಡಿದೆ. ಥೈರಾಯ್ಡ್ ಸರಿ ಇದೆ. ಬಿ12 ಮಾಡಿಸಿಲ್ಲ. ನಿಮ್ಮ ಮೂರು ಪ್ರಶ್ನೆಗೆ ಉತ್ತರ ಬರೆಯೋಕೆ ಕೂತು ಎರಡು ಸಲ ಅಳಿಸಿದೆ. ಮೂರನೇದಕ್ಕೆ ಉತ್ತರ: ಇಲ್ಲ. ಭಾನುವಾರ ಮಗನ ಜೊತೆ ಬೆಣ್ಣೆದೋಸೆ ತಿನ್ನೋಕೆ ಹೋಗ್ತಿದ್ವಿ. ಸಂಕ್ರಾಂತಿಯಿಂದ ಹೋಗಿಲ್ಲ. ಅವನೂ ಈಗ ಕೇಳೋದು ಬಿಟ್ಟಿದಾನೆ.

ಚಳ್ಳಕೆರೆ ಶೇಂಗಾ

ನಾನು ಇಲ್ಲಿ ಬರಿಯೋನಲ್ಲ, ಓದ್ತೀನಿ ಅಷ್ಟೆ. ಅಣ್ಣಾರು ದಿನಾ ಏನ್ ಮಾಡ್ತೀರಿ ಅಂತ ಕೇಳ್ಯಾರೆ, ಅದಕ್ಕೆ ಹೇಳ್ತೀನಿ.

ನಮ್ದು ಒಣಭೂಮಿ. ಹೋದ ವರ್ಷ ಎರಡು ಬೋರ್ ಹಾಕ್ಸಿದ್ವಿ, ಎರಡೂ ಫೇಲಾದ್ವು. ಶೇಂಗಾ ಹೂವಿಗೆ ಬಂದಾಗ ಮಳೆ ಕೈಕೊಡ್ತು. ಸೊಸೈಟಿ ಸಾಲ, ಕೈಸಾಲ ಎಲ್ಲಾ ಐತೆ. ಊಟ ಸೇರ್ತಿರಲಿಲ್ಲ. ಊರ ಕಟ್ಟೆಗೆ ಹೋಗೋದು ಬಿಟ್ಟೆ. ಯಾರಾದ್ರೂ ಎದುರಿಗೆ ಬಂದ್ರೆ ಸಾಲ ಕೇಳಾಕೇ ಬಂದ್ರು ಅನಿಸೋದು. ಇರಬಾರದು ಅನ್ನೋ ಯೋಚನೆ ಬರಾಕ ಹತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ನನ್ನ ಹೆಂಡ್ತಿ ಒಂದಿನ ರೊಟ್ಟಿ ತಟ್ತಾ ತಟ್ತಾ ಕೈ ನಿಲ್ಲಿಸಿ ನೇರವಾಗಿ ಕೇಳಿದ್ಲು, ‘ಸಾಯೋ ಯೋಚನೆ ಏನಾದ್ರೂ ಬರ್ತಾ ಐತಾ ನಿಮಗೆ?’ ಅಂತ. ಹೂಂ ಅಂದೆ. ಅವಳು ಚೀರಲಿಲ್ಲ, ಬೈಲಿಲ್ಲ. ಹೆಂಚಿನ ಮೇಲಿದ್ದ ರೊಟ್ಟಿ ಸೀದು ಹೋತು, ಅದನ್ನೂ ನೋಡ್ಲಿಲ್ಲ, ನನ್ನ ಕೈ ಹಿಡ್ಕೊಂಡು ಕೂತ್ಲು. ಅವತ್ತೇ ಮನ್ಯಾಗಿದ್ದ ಹೊಲದ ಔಷಧಿ ಡಬ್ಬಿ ಎಲ್ಲಾ ನಮ್ಮಣ್ಣನ ಮನೆ ಪೆಟ್ಟಿಗ್ಯಾಗೆ ಇಟ್ಟು ಬೀಗ ಹಾಕ್ಸಿದ್ಲು. ಕೀ ಈಗಲೂ ಅತ್ತಿಗೆ ಹತ್ರ ಐತೆ. ಹೊಡಿಯೋದಿದ್ರೆ ಅಣ್ಣ ತರ್ತಾನೆ, ಇಬ್ಬರೂ ಹೋಗಿ ಹೊಡೀತೀವಿ.

ಆ ರಾತ್ರಿ ಸರ್ಕಾರದ ಮನಸ್ಸಿನ ಸಹಾಯವಾಣಿ 14416ಕ್ಕೆ ಫೋನ್ ಹಚ್ಚಿ ಕೊಟ್ಟಿದ್ದೂ ಅವಳೇ. ಕನ್ನಡದಾಗೆ ಮಾತಾಡಿದ್ರು. ದುಡ್ಡಿಲ್ಲ. ನಾನು ಮಾತಾಡೋಕಿಂತ ಜಾಸ್ತಿ ಅತ್ತೆ, ಕಾದ್ರು ಅವರು. ಆಮ್ಯಾಲೆ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನಸ್ಸಿನ ಡಾಕ್ಟ್ರು ಬರ್ತಾರೆ ಅಂತ ಆಶಾ ಅಕ್ಕ ಕರ್ಕಂಡು ಹೋದ್ಲು.

ಸಾಲ ಇನ್ನೂ ಐತೆ. ಅದು ಹೋಗಿಲ್ಲ. ಆದ್ರೆ ದಿನಾ ಸಾಯಂಕಾಲ ಕಟ್ಟೆಗೆ ಹೋಗಿ ಅರ್ಧ ತಾಸು ಕೂರಬೇಕು ಅಂತ ಅವಳು ನಿಯಮ ಮಾಡ್ಯಾಳೆ. ಮಾತಾಡ್ಲಿ ಬಿಡ್ಲಿ, ಕೂರಬೇಕು.

ನಿವೃತ್ತ ಆರೋಗ್ಯ ಸಹಾಯಕಿ, ಹರಿಹರ

ನಿಮ್ಮ ಮನೆಯವರ ಕಾಲಿಗೆ ನಮಸ್ಕಾರ ಹೇಳಪ್ಪ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂಗಾಗುತ್ತೆ ಅಂತ ಜನ ಹೆದರಿ ಕೇಳೋದೇ ಇಲ್ಲ. ಹಾಗಾಗಲ್ಲ. ಕೇಳಿದರೆ ಹೇಳೋಕೆ ದಾರಿ ಸಿಗುತ್ತೆ. ಡಬ್ಬಿ ದೂರ ಇಟ್ಟಿದ್ದಂತೂ ಬಂಗಾರದಂಥ ಕೆಲಸ. ಆ ಗಳಿಗೆ ದಾಟಿದರೆ ಎಷ್ಟೋ ಜನ ಬದುಕ್ತಾರೆ.

ಇನ್ನೊಂದು ವಿಷಯ, ಓದೋ ಎಲ್ಲರಿಗೂ. ಹೇಳಿದರೆ ಪೊಲೀಸ್ ಕೇಸ್ ಆಗುತ್ತೆ ಅಂತ ಹಳ್ಳಿ ಕಡೆ ಇನ್ನೂ ಭಯ ಇದೆ. ಯೋಚನೆ ಬಂತು ಅಂತ ಹೇಳ್ಕೊಂಡರೆ ಯಾವ ಕೇಸೂ ಇಲ್ಲ. ಪ್ರಯತ್ನ ಮಾಡಿದವರನ್ನೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡುತ್ತೆ. ಅವರಿಗೆ ಆರೈಕೆ ಕೊಡೋದು ಸರ್ಕಾರದ ಹೊಣೆ. 14416 ಅಂದರೆ ಟೆಲಿ ಮಾನಸ್, 2022ರ ಅಕ್ಟೋಬರ್ 10ರಿಂದ ನಡೀತಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು.

ಕೋಟೆ ಕೆಳಗಿನ ಬಾಣಂತಿ, ಚಿತ್ರದುರ್ಗ

ಚಳ್ಳಕೆರೆ ಅಣ್ಣನ ಹೆಂಡತಿ ಥರ ಕೇಳೋರು ನನಗೆ ಸಿಗೋಕೆ ಎರಡು ತಿಂಗಳು ಹಿಡೀತು. ಮಗು ಆರೋಗ್ಯವಾಗಿತ್ತು, ತವರುಮನೆ, ಎಣ್ಣೆನೀರು, ಬಾಣಂತನದ ಊಟ, ಏನೂ ಕಡಿಮೆ ಇರಲಿಲ್ಲ. ಮಗು ಅತ್ತಾಗ ನನಗೆ ಏನೂ ಅನಿಸ್ತಿರಲಿಲ್ಲ, ಅದೇ ಭಯ ಆಗೋದು. ಬಂದೋರೆಲ್ಲ ‘ಎಷ್ಟು ಪುಣ್ಯ ಮಾಡಿದೀಯ’ ಅನ್ನೋರು. ಅದಕ್ಕೇ ಬಾಯಿ ಬಿಡೋಕಾಗ್ತಿರಲಿಲ್ಲ. ಲಸಿಕೆಗೆ ಹೋದಾಗ ಸಿಸ್ಟರ್ ಮಗೂನ ತೂಕ ಬರೆದು, ಪೆನ್ನು ಕೆಳಗಿಟ್ಟು, ‘ಮಗು ಚೆನ್ನಾಗಿದೆ, ನೀನು ಹೆಂಗಿದೀಯ?’ ಅಂದ್ರು.

ಹೆರಿಗೆಯಾದ ಮೊದಲ ವಾರ ಅಳು ಬಂದು ಹೋಗೋದು ಸಹಜವಂತೆ. ಎರಡು ವಾರ ದಾಟಿಯೂ ಹಂಗೇ ಇದ್ದರೆ ಅದು ಕಾಯಿಲೆ, ವಾಸಿ ಆಗುತ್ತೆ ಅಂದ್ರು. ಮಾತಾಡಿಸೋ ಚಿಕಿತ್ಸೆಯಲ್ಲೇ ಸುಧಾರಿಸಿದೆ. ಅಮ್ಮ ರಾತ್ರಿ ಒಂದು ಸರ್ತಿ ಮಗೂನ ನೋಡ್ಕೊಂಡು ನನಗೆ ಒಟ್ಟಿಗೆ ಐದು ತಾಸು ನಿದ್ದೆ ಬಿಟ್ಟಳು. ಅದೇ ನನ್ನ ಅರ್ಧ ಔಷಧಿ. ಮನೆಯಲ್ಲಿ ಬಾಣಂತಿ ಇದ್ದರೆ ದಯವಿಟ್ಟು ಮಗು ಆದಮೇಲೆ ಅವಳನ್ನೂ ಕೇಳಿ.

ವಿಮೆ ಏಜೆಂಟ್, ಹಿರಿಯೂರು

ಒಂದೇ ಮಾತು. ಅದೇ 2017ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಆರೋಗ್ಯ ವಿಮೆಯಲ್ಲಿ ಮೈಕಾಯಿಲೆಗೂ ಮನಸ್ಸಿನ ಕಾಯಿಲೆಗೂ ಭೇದ ಮಾಡಂಗಿಲ್ಲ. ನಿಮ್ಮ ಪಾಲಿಸಿ ಕಾಗದ ತೆಗೆದು ಓದಿ.

ಹೈಸ್ಕೂಲ್ ಮೇಷ್ಟ್ರು, ಹೊಳಲ್ಕೆರೆ

ಗುಮಾಸ್ತರೇ, ರಾತ್ರಿ ಮೂರಕ್ಕೆ ಬರೋ ಲೆಕ್ಕಕ್ಕೆ ನಿಮ್ಮದೇ ಕಸುಬಿನ ಮದ್ದು ಇದೆ. ನನಗೆ ಆಪ್ತಸಮಾಲೋಚಕರು ಹೇಳಿಕೊಟ್ಟಿದ್ದು. ಚಿಂತೆಗೂ ಒಂದು ಕಿರ್ದಿ ಪುಸ್ತಕ ಇಡಿ. ಸಂಜೆ ಆರೂವರೆಯಿಂದ ಏಳರವರೆಗೆ ಅಂತ ಹೊತ್ತು ಗೊತ್ತು ಮಾಡಿ ಬರೆಯಿರಿ. ಎಡಗಡೆ ಚಿಂತೆ, ಬಲಗಡೆ ಅದಕ್ಕೆ ನಾಳೆ ನಾನು ಮಾಡಬಹುದಾದ ಒಂದು ಕೆಲಸ. ಕೆಲಸವೇ ಇಲ್ಲದ ಚಿಂತೆಯಾದರೆ ಬಲಗಡೆ ಖಾಲಿ ಬಿಡಿ. ರಾತ್ರಿ ಚಿಂತೆ ಬಂದರೆ ‘ನಾಳೆ ಆರೂವರೆಗೆ ಬಾ, ಬರ್ಕೋತೀನಿ’ ಅನ್ನಿ. ಮೊದಲ ವಾರ ಕೇಳಲ್ಲ ಅದು. ಆಮೇಲೆ ಕೇಳುತ್ತೆ.

ಮಲಗೋದು ಎಷ್ಟೊತ್ತಾದರೂ ಆಗಲಿ, ಏಳೋ ಹೊತ್ತು ದಿನಾ ಒಂದೇ ಇರಲಿ, ಭಾನುವಾರವೂ. ನಿದ್ದೆ ಬರದೆ ಸುಮಾರು ಹೊತ್ತಾದರೆ ಹಾಸಿಗೆಯಲ್ಲಿ ಹೊರಳಾಡಬೇಡಿ. ನೀವು ಎದ್ದು ಹೋಗೋದು ಸರಿಯೇ. ಆದರೆ ಕತ್ತಲಲ್ಲಿ ಹೆದರಿ ಕೂರೋ ಬದಲು ಮಂದ ದೀಪದಲ್ಲಿ ಬೇಸರದ ಪುಸ್ತಕ ಓದಿ, ಕಣ್ಣು ಎಳೆದಾಗ ಹೋಗಿ ಮಲಗಿ. ಮೊಬೈಲ್ ಮಾತ್ರ ಬೇಡ.

ನಡಿಗೆ ಬಗ್ಗೆ ಎಲ್ಲರೂ ಹೇಳ್ತಾರೆ. ನಾನು ಹೇಳೋದು, ಒಬ್ಬರೇ ಹೋಗಬೇಡಿ. ಒಬ್ಬರೇ ಹೋದರೆ ಚಿಂತೆನೂ ಜೊತೆಗೇ ನಡೆಯುತ್ತೆ.

ಯಾರ್ಡ್ ಗುಮಾಸ್ತ, ದಾವಣಗೆರೆ (ಮೇ ಮೊದಲ ವಾರ)

ಏಳು ವಾರ ಆಯ್ತು. ಸುದ್ದಿ ಹೇಳದೆ ಇದ್ದರೆ ತಪ್ಪಾಗುತ್ತೆ.

ಇಲ್ಲಿ ಬರೆದಿದ್ದನ್ನೆಲ್ಲ ಒಂದು ರಾತ್ರಿ ಹೆಂಡತಿಗೆ ಓದಿ ಹೇಳಿದೆ. ನಾನಾಗಿ ಹೇಳೋಕೆ ಬಾಯಿ ಬರ್ತಿರಲಿಲ್ಲ, ಓದೋದು ಸುಲಭ ಆಯ್ತು. ಅವಳಿಗೆ ಅಡುಗೆಮನೆ ವಿಷಯ ಮೊದಲೇ ಗೊತ್ತಿತ್ತಂತೆ. ದಿನಾ ಎಚ್ಚರ ಇದ್ದೇ ಮಲಗಿರ್ತಿದ್ದಳು, ನನಗೆ ಮುಜುಗರ ಆದೀತು ಅಂತ ಬರ್ತಿರಲಿಲ್ಲವಂತೆ. ಐದು ತಿಂಗಳು ಇಬ್ಬರೂ ಹಂಗೇ ಕಳೆದಿದೀವಿ.

ಒಂದು ಮಧ್ಯಾಹ್ನ ಗೋದಾಮಿನಲ್ಲಿ ಚೀಲದ ಮೇಲೆ ಕೂತು 14416ಕ್ಕೆ ಮಾಡಿದೆ. ಅವರು ಹೇಳಿದ ಮೇಲೆ ಜಿಲ್ಲಾ ಆಸ್ಪತ್ರೆಗೆ ಹೋದೆ. ಮಾನಸಿಕ ವಿಭಾಗದ ಸಾಲಿನಲ್ಲಿ ನಿಂತಾಗ ಪರಿಚಯದ ಹಮಾಲರೊಬ್ಬರು ಸಿಕ್ಕರು. ನಾನು ಮುಖ ತಿರುಗಿಸಬೇಕು ಅನ್ನೋಷ್ಟರಲ್ಲಿ ಅವರೇ ‘ಸಾಹುಕಾರ್ರೇ, ಬನ್ನಿ, ಇಲ್ಲಿ ಜಾಗ ಐತೆ’ ಅಂತ ಬೆಂಚಿನಲ್ಲಿ ಸರಿದು ಕೂತರು. ಅವರ ಮಗಳಿಗೆ ತೋರಿಸೋಕೆ ಬಂದಿದ್ದರು.

ಮಾತ್ರೆ ಶುರುವಾಗಿದೆ. ಮೊದಲ ಹತ್ತು ದಿನ ಹೊಟ್ಟೆ ತೊಳೆಸ್ತು. ಮೆಡಿಕಲ್ ತಂಗಿ ಬರೆದಿದ್ದು ನೆನಪಿದ್ದಿದ್ದಕ್ಕೆ ಬಿಡಲಿಲ್ಲ. ಬಿ12 ಕಡಿಮೆ ಬಂತು, ಅದಕ್ಕೂ ಕೊಟ್ಟಿದಾರೆ. ಚಹಾ ಮೂರಕ್ಕೆ ಇಳಿದಿದೆ, ನಾಲ್ಕು ಗಂಟೆ ಮೇಲೆ ಇಲ್ಲ. ರೈತರ ಜೊತೆ ಈಗ ಮಜ್ಜಿಗೆ. ಕಿರ್ದಿ ದಿನಾ ಬರೀತೀನಿ, ಬಲಗಡೆ ಖಾಲಿ ಇರೋ ಸಾಲೇ ಜಾಸ್ತಿ ಅಂತ ಅದರಿಂದಲೇ ಗೊತ್ತಾಗಿದ್ದು. ಬೆಳಗ್ಗೆ ಐದೂವರೆಗೆ ಎದ್ದು ಮಗನ ಜೊತೆ ಕುಂದುವಾಡ ಕೆರೆ. ಅವನು ಮುಂದೆ, ನಾನು ಹಿಂದೆ. ಹೋದ ಭಾನುವಾರ ಬೆಣ್ಣೆದೋಸೆಯೂ ಆಯ್ತು.

ಮೂರು ಗಂಟೆ ಎಚ್ಚರ ಪೂರ್ತಿ ಹೋಗಿಲ್ಲ. ವಾರಕ್ಕೆ ಎರಡು ಸಲ ಆಗುತ್ತೆ.

ಮೊನ್ನೆ ಅದೇ ಗೇಟ್ ಹಾಕಿತು. ಗೂಡ್ಸ್ ಗಾಡಿ. ಎದೆ ಹಿಡಿಯೋಕೆ ಶುರುವಾಯ್ತು. ಹೆಲ್ಮೆಟ್ ತೆಗೆದು ಟ್ಯಾಂಕ್ ಮೇಲಿಟ್ಟೆ, ಎರಡೂ ಪಾದ ಡಾಂಬರಿಗೆ ಒತ್ತಿ, ಉಸಿರು ಬಿಡ್ತಾ ಡಬ್ಬಿ ಎಣಿಸ್ತಾ ಹೋದೆ. ನಲವತ್ತರ ಹತ್ತಿರ ಲೆಕ್ಕ ತಪ್ಪಿತು. ಹದಿನೇಳು ವರ್ಷದಲ್ಲಿ ಲೆಕ್ಕ ತಪ್ಪಿದ್ದಕ್ಕೆ ಖುಷಿ ಆಗಿದ್ದು ಅದೇ ಮೊದಲು. ಆ ಹೂವಿನ ತಾಯಿಗೆ ಒಂದು ಮೊಳ ಮಲ್ಲಿಗೆ ಹೇಳಿದೆ. ಅವಳಿಗೆ ನನ್ನ ಗುರುತು ಹತ್ತಲಿಲ್ಲ.

ಚಳ್ಳಕೆರೆ ಅಣ್ಣಾ, ಹದಿನೈದು ದಿನದಿಂದ ನೀವು ಇಲ್ಲಿ ಕಂಡಿಲ್ಲ. ಹೆಂಗಿದೀರಿ? ನೇರವಾಗೇ ಕೇಳ್ತಿದೀನಿ.

ಚಳ್ಳಕೆರೆ ಶೇಂಗಾ

ಅದೀನಿ ಅಣ್ಣಾ. ಚೆಂದ ಅದೀನಿ. ಭರಣಿ ಮಳೆ ಆತು, ಹೊಲ ಹರಗಾಕ ಹತ್ತೀವಿ, ಅಲ್ಲಿ ಸಿಗ್ನಲ್ ಸಿಗಂಗಿಲ್ಲ. ನೀವು ಕೇಳಿದ್ದು ಮನ್ಯಾಗೆ ಓದಿ ಹೇಳ್ದೆ. ಈಗ ಕಟ್ಟೆಗೆ ಹೊಂಟೆ, ಹೊತ್ತಾತು.